ಚಳಿಗಾಲದಲ್ಲಿ ತೋಳದ ಫೋಟೊ: ಶಿವಮೊಗ್ಗದಿಂದ ಹೊರಡುವವರಿಗೆ

ಮಳೆ ನಿಂತು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನನಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಶೆಟ್ಟಿಹಳ್ಳಿ ಕಡೆ ತೋಳ ಸಿಗುತ್ತದೆಯೇ? ಭದ್ರಾದಲ್ಲಿ? ಆಗುಂಬೆಯಲ್ಲಿ? ಹೊಸದಾಗಿ ಉದ್ದದ ಲೆನ್ಸ್ ಕೊಂಡವರು, ಹಕ್ಕಿಗಳನ್ನು ತೆಗೆದು ಸಾಕಾಗಿ ಪ್ರಾಣಿಗಳ ಕಡೆ ಹೊರಳಿದವರು, ಕಾಲೇಜು ವಿದ್ಯಾರ್ಥಿಗಳು ಎಲ್ಲರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಆ ಕಾಡುಗಳಲ್ಲಿ ತೋಳ ಹುಡುಕಿ ಪೆಟ್ರೋಲ್ ಸುಡಬೇಡಿ. ತೋಳ ಬಯಲುಸೀಮೆಯ ಪ್ರಾಣಿ. ಹುಲ್ಲುಗಾವಲು, ಕುರುಚಲು ಕಾಡು, ಗುಂಡುಕಲ್ಲಿನ ಗುಡ್ಡ, ಕುರಿ ಮೇಯುವ ಹೊಲ, ಇವು ಅದರ ನೆಲೆ. ಮಲೆನಾಡಿನ ದಟ್ಟ ಕಾಡಿನಲ್ಲಿ ಗುಂಪು ಕಟ್ಟಿಕೊಂಡು ಬೇಟೆಯಾಡುವುದು ಸೀಳುನಾಯಿ. ರಾತ್ರಿ ಗದ್ದೆಯಂಚಿನಲ್ಲಿ ಊಳಿಡುವುದು ನರಿ. ಆದರೆ ಶಿವಮೊಗ್ಗದವರಿಗೆ ಒಂದು ಅನುಕೂಲವಿದೆ. ಹೊನ್ನಾಳಿ ದಾಟುತ್ತಿದ್ದಂತೆ ಭೂಮಿ ಬಯಲಾಗುತ್ತದೆ, ಅಡಿಕೆ ತೋಟ ಹಿಂದೆ ಸರಿದು ಮೆಕ್ಕೆಜೋಳದ ಹೊಲ ಮುಂದೆ ಬರುತ್ತದೆ. ತೋಳದ ಸೀಮೆ ನಮ್ಮಿಂದ ಎರಡು ಮೂರು ಗಂಟೆಯ ದಾರಿಯಲ್ಲಿದೆ.

ಚಳಿಗಾಲವೇ ಯಾಕೆ? ಮೆಕ್ಕೆಜೋಳ ಕಟಾವಾಗಿ ಬಯಲು ತೆರೆದುಕೊಂಡಿರುತ್ತದೆ, ಬೆಳಗಿನ ಬೆಳಕು ಮೃದುವಾಗಿರುತ್ತದೆ, ಬೆನ್ನ ಮೇಲಿನ ಕಪ್ಪು ತುದಿಯ ಕೂದಲು ಸೊಂಪಾಗಿ ಬೆಳೆದು ಪ್ರಾಣಿ ನೋಡಲು ಚೆನ್ನಾಗಿರುತ್ತದೆ. ಆದರೆ ನಮ್ಮ ತೋಳಗಳು ಹೆಚ್ಚಾಗಿ ಮರಿ ಹಾಕುವುದೂ ಅಕ್ಟೋಬರ್‌ನಿಂದ ಜನವರಿಯ ಒಳಗೆ. ಈ ಒಂದು ಸಂಗತಿಯನ್ನು ತಲೆಯಲ್ಲಿಟ್ಟುಕೊಂಡರೆ ಕೆಳಗಿನ ಅರ್ಧದಷ್ಟು ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ.

1. ಜಾಗ ಆರಿಸಿಕೊಳ್ಳಿ

ಹತ್ತಿರದ್ದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ. 1974ರಲ್ಲಿ ಘೋಷಣೆಯಾದ, ಸುಮಾರು 119 ಚದರ ಕಿ.ಮೀ. ವಿಸ್ತೀರ್ಣದ ಜಾಗ. ಬಹುಭಾಗ ನೀಲಗಿರಿ ನೆಡುತೋಪಾಗಿದ್ದರೂ ನಡುನಡುವೆ ಬಯಲಿದೆ, ಕೃಷ್ಣಮೃಗವಿದೆ, ಅದನ್ನು ನಂಬಿದ ತೋಳವೂ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಶಿವಮೊಗ್ಗ ಬಿಟ್ಟರೆ ಬೆಳಕು ಹರಿಯುವ ಮೊದಲು ಅಲ್ಲಿರಬಹುದು.

ದೂರದ್ದು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳ ಧಾಮ. ತೋಳಗಳಿಗೆಂದೇ ಮೀಸಲಿಟ್ಟ ಧಾಮಗಳು ದೇಶದಲ್ಲೇ ಅಪರೂಪ. ನಮ್ಮ ರಾಜ್ಯದ ಮೊದಲನೆಯದು ಇದು. ಇಲ್ಲಿ ಹಲವರು ದಾರಿ ತಪ್ಪುತ್ತಾರೆ. ಮೊಬೈಲ್ ನಕ್ಷೆಯಲ್ಲಿ ಬರೀ ‘ಬಂಕಾಪುರ’ ಎಂದು ಹಾಕಿದರೆ ಅದು ನಿಮ್ಮನ್ನು ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಗೆ ಒಯ್ಯುವ ಸಾಧ್ಯತೆ ಹೆಚ್ಚು. ಅಲ್ಲಿರುವುದು ನವಿಲುಧಾಮ. ನವಿಲು ನೋಡುವ ಮನಸ್ಸಿದ್ದರೆ ತೊಂದರೆಯಿಲ್ಲ. ಗಂಗಾವತಿಗೆ ಒಂದೇ ದಿನದಲ್ಲಿ ಹೋಗಿ ಬರುವ ಆಲೋಚನೆ ಬೇಡ, ಒಂದೆರಡು ರಾತ್ರಿ ಅಲ್ಲೇ ಉಳಿಯುವಂತೆ ಹೊರಡಿ.

ಇವೆರಡನ್ನು ಬಿಟ್ಟರೆ ತೋಳ ಓಡಾಡುವ ಜಾಗದ ಬಹುಪಾಲು ಯಾವ ಧಾಮದೊಳಗೂ ಇಲ್ಲ. ಗೋಮಾಳ, ರೈತರ ಹೊಲ, ಹಳ್ಳದ ದಂಡೆ ಇವೇ. ಊರಿನ ಹೆಸರು ನಾನು ಬರೆಯುವುದಿಲ್ಲ, ಕೇಳಬೇಡಿ. ಕಾರಣ ಎಂಟನೇ ಹಂತದಲ್ಲಿದೆ.

2. ತೋಳ ಯಾವುದು, ನಾಯಿ ಯಾವುದು

ನನಗೆ ಬರುವ ‘ತೋಳದ ಫೋಟೊ’ಗಳಲ್ಲಿ ಬಹಳಷ್ಟು ಕುರಿಹಟ್ಟಿಯ ನಾಯಿಗಳವೇ. ದೂರದಿಂದ ಗುರುತಿಸಲು ಮೊದಲು ಬಾಲ ನೋಡಿ: ನಡೆಯುವಾಗ ತೋಳದ ಬಾಲ ಕೆಳಗೆ ಇಳಿಬಿದ್ದಿರುತ್ತದೆ, ಊರ ನಾಯಿಯ ಹಾಗೆ ಬೆನ್ನ ಮೇಲೆ ಸುರುಳಿಯಾಗುವುದಿಲ್ಲ. ಎರಡನೆಯದಾಗಿ ಕಾಲು: ಮೈಗೆ ಹೋಲಿಸಿದರೆ ಉದ್ದ, ಎದೆ ಕಿರಿದು. ಮೂರನೆಯದು ನಡಿಗೆ. ನಾಯಿ ಅಲ್ಲಿ ಮೂಸಿ, ಇಲ್ಲಿ ಕಾಲೆತ್ತಿ, ಅಡ್ಡಾದಿಡ್ಡಿ ಹೋಗುತ್ತದೆ. ತೋಳ ಎಲ್ಲಿಗೋ ಕೆಲಸವಿದ್ದಂತೆ ಒಂದೇ ಗೆರೆಯಲ್ಲಿ ಸಾಗುತ್ತದೆ. ಹತ್ತಿರದಿಂದ ಕಂಡರೆ ಹಳದಿ ಕಣ್ಣು, ಬಿಳಿಚು ಕೆನ್ನೆ.

ನರಿ ಇದಕ್ಕಿಂತ ತುಂಬಾ ಚಿಕ್ಕದು, ಗಿಡ್ಡ ಕಾಲಿನದು. ಕತ್ತೆಕಿರುಬವಾದರೆ ಬೆನ್ನು ಹಿಂದಕ್ಕೆ ಇಳಿಜಾರಾಗಿದ್ದು ಮೈಮೇಲೆ ಪಟ್ಟೆಗಳಿರುತ್ತವೆ. ಸೀಳುನಾಯಿಯ ಮೈ ಕೆಂಪು, ಕಿವಿ ದುಂಡಗೆ, ಬಾಲ ಕಪ್ಪು ಕುಚ್ಚು. ಇನ್ನೊಂದು ಮಾತು: ಊರ ನಾಯಿಯೂ ತೋಳವೂ ಕೂಡಿ ಹುಟ್ಟಿದ ಬೆರಕೆ ಪ್ರಾಣಿಗಳು ಇವೆ. ಬಣ್ಣ ವಿಚಿತ್ರವಾಗಿ ಕಂಡರೆ ಫೋಟೊ ತೆಗೆದು ಅರಣ್ಯ ಇಲಾಖೆಯವರಿಗೆ ತೋರಿಸಿ. ಅಂಥ ಚಿತ್ರ ಅವರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

3. ಅನುಮತಿ

ತೋಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿಗಿರುವಷ್ಟೇ ರಕ್ಷಣೆ ಇದಕ್ಕೂ ಇದೆ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಪರಾಧ. ಛಾಯಾಗ್ರಹಣಕ್ಕೆ ಅನುಮತಿ ಕೊಡಲು ಅವಕಾಶವಿರುವುದು 28ನೇ ಸೆಕ್ಷನ್‌ನಲ್ಲಿ. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ಯಾವ ದಿನ, ಎಷ್ಟು ಜನ, ಯಾವ ವಾಹನ ಎಂದು ಬರೆದುಕೊಟ್ಟು ಕೇಳಿ. ‘ಗೇಟಿನಲ್ಲಿ ಹೇಳಿದರೆ ಬಿಡುತ್ತಾರೆ’ ಎನ್ನುವ ಸ್ನೇಹಿತರ ಮಾತನ್ನು ನಂಬಿ ನೂರು ಕಿಲೋಮೀಟರ್ ಹೋಗಬೇಡಿ.

ಹಲವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಮಾಂಸ ಇಟ್ಟು ಪ್ರಾಣಿಯನ್ನು ಕರೆಸುವುದು, ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗಿ ಓಡುವ ಚಿತ್ರ ತೆಗೆಯುವುದು, ಎರಡನ್ನೂ ಕಾಯ್ದೆ ಬೇಟೆಯ ಲೆಕ್ಕಕ್ಕೇ ಸೇರಿಸುತ್ತದೆ. ಕೈಯಲ್ಲಿ ಬಂದೂಕಿಲ್ಲದೆ ಕ್ಯಾಮೆರಾ ಇತ್ತು ಎಂಬುದು ಸಮಜಾಯಿಷಿಯಾಗುವುದಿಲ್ಲ. ಡ್ರೋನ್ ಮನೆಯಲ್ಲೇ ಇರಲಿ.

ಧಾಮದ ಹೊರಗಿನ ಹೊಲಗಳಿಗೆ ಇಲಾಖೆಯ ಚೀಟಿ ಬೇಕಿಲ್ಲ, ಹೊಲದ ಯಜಮಾನರ ಒಪ್ಪಿಗೆ ಬೇಕು. ಹಿಂಗಾರಿ ಕಡಲೆ, ಬಿಳಿಜೋಳ ನಿಂತಿರುವ ಹೊಲದ ಮೇಲೆ ಗಾಡಿ ಹತ್ತಿಸಿದರೆ ನಿಮಗೆ ಮಾತ್ರವಲ್ಲ, ನಿಮ್ಮ ನಂತರ ಬರುವ ಎಲ್ಲರಿಗೂ ಆ ಊರಿನ ಬಾಗಿಲು ಮುಚ್ಚುತ್ತದೆ.

4. ಸಲಕರಣೆ: ಮೊದಲು ಬೂಷ್ಟು ನೋಡಿ

ಲೆನ್ಸ್ ಎಷ್ಟು ಉದ್ದದ್ದು ಬೇಕು ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಫುಲ್ ಫ್ರೇಮ್ ಕ್ಯಾಮೆರಾಗೆ (ಹಳೆಯ ಫಿಲ್ಮ್‌ನಷ್ಟೇ ದೊಡ್ಡ ಸಂವೇದಕ ಇರುವಂಥದ್ದು) 600 ಮಿ.ಮೀ. ಲೆನ್ಸ್ ಹಾಕಿ ನೂರು ಮೀಟರ್ ದೂರಕ್ಕೆ ಹಿಡಿದರೆ ಚೌಕಟ್ಟಿನೊಳಗೆ ಬರುವ ಅಗಲ ಆರು ಮೀಟರ್. ಬಾಲ ಬಿಟ್ಟು ತೋಳದ ಉದ್ದ ಸುಮಾರು ಒಂದು ಮೀಟರ್. ಅಂದರೆ ಅದು ಚಿತ್ರದ ಆರನೇ ಒಂದು ಭಾಗ ತುಂಬುತ್ತದೆ. ಸಂವೇದಕ ಚಿಕ್ಕದಿರುವ ಕ್ಯಾಮೆರಾಗಳಲ್ಲಿ ಅದೇ ಲೆನ್ಸ್‌ಗೆ ಅಗಲ ನಾಲ್ಕು ಮೀಟರ್, ಹಾಗಾಗಿ ಪ್ರಾಣಿ ನಾಲ್ಕನೇ ಒಂದು ಭಾಗ. 150-600 ಅಥವಾ 200-600 ಜೂಮ್ ಇದ್ದರೆ ಧಾರಾಳವಾಯಿತು. 400 ಮಿ.ಮೀ. ಮಾತ್ರ ಇದ್ದರೆ ಮುಖ ತುಂಬುವ ಚಿತ್ರದ ಆಸೆ ಬಿಟ್ಟು, ಬಯಲು, ಆಕಾಶ, ನಡುವೆ ಚಿಕ್ಕದಾಗಿ ತೋಳ ಇರುವ ಚಿತ್ರ ಯೋಚಿಸಿ. ನನ್ನ ಕಣ್ಣಿಗೆ ಅದೇ ಹೆಚ್ಚು ಚೆಂದ.

ಮಲೆನಾಡಿನವರು ಹೊರಡುವ ವಾರ ಮೊದಲೇ ಮಾಡಬೇಕಾದ ಕೆಲಸವೊಂದಿದೆ. ನಾಲ್ಕು ತಿಂಗಳ ಮಳೆಯ ಶೀತ ಕುಡಿದ ಲೆನ್ಸ್‌ನೊಳಗೆ ಬೂಷ್ಟು ಹಿಡಿದಿರುತ್ತದೆ. ಕತ್ತಲೆ ಕೋಣೆಯಲ್ಲಿ ಲೆನ್ಸ್‌ನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು ಕಂಡರೆ ಅದೇ ಬೂಷ್ಟು. ಬಯಲಿನ ಎದುರು ಬಿಸಿಲಿನಲ್ಲಿ ಇಡೀ ಚಿತ್ರ ಮಂಕಾಗಲು ಅಷ್ಟು ಸಾಕು. ಒಳಗಿನದ್ದನ್ನು ನೀವೇ ಬಿಚ್ಚಿ ಒರೆಸಲು ಹೋಗಬೇಡಿ, ರಿಪೇರಿಯವರಿಗೆ ಕೊಡಿ. ಮುಂದಿನ ಮಳೆಗಾಲಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ (ತೇವ ಹೀರುವ ಹರಳು), ಒಂದು ಪುಟ್ಟ ತೇವಾಂಶ ಮಾಪಕ ಇಟ್ಟುಕೊಳ್ಳಿ. ಮಾಪಕ ಶೇ 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ.

ಕಾರಿನ ಕಿಟಕಿಯ ಮೇಲೆ ಲೆನ್ಸ್ ಕೂರಿಸಲು ದಪ್ಪ ಬಟ್ಟೆಯ ಚೀಲ ಹೊಲಿಸಿ ಭತ್ತ ತುಂಬಿಸಿ. ಮರಳು ತುಂಬಿದರೆ ಧೂಳು ಸೋರಿ ಕ್ಯಾಮೆರಾಗೆ ಇಳಿಯುತ್ತದೆ, ಹೊಟ್ಟು ತುಂಬಿದರೆ ಹಗುರವಾಗಿ ಅಲುಗಾಡುತ್ತದೆ. ಮಾಸಲು ಬಣ್ಣದ ಬಟ್ಟೆ, ಪಾದ ಮುಚ್ಚುವ ಗಟ್ಟಿ ಬೂಟು, ಗಾಳಿ ತುಂಬಿದ ಸ್ಟೆಪ್ನಿ ಕಡ್ಡಾಯ. ಬಳ್ಳಾರಿ ಜಾಲಿಯ ಮುಳ್ಳು ಟೈರನ್ನೂ ಬಿಡುವುದಿಲ್ಲ.

5. ಊರಿನಲ್ಲೇ ಅಭ್ಯಾಸ

ತೋಳದ ಅಳತೆ, ಬಣ್ಣ, ಓಟ ಎಲ್ಲದಕ್ಕೂ ಹತ್ತಿರವಾದ ಪ್ರಾಣಿ ನಿಮ್ಮ ಬೀದಿಯಲ್ಲೇ ಇದೆ. ಮುಂಜಾನೆ ತುಂಗಾ ದಂಡೆಯಲ್ಲೋ ಕೊಯ್ದ ಗದ್ದೆಯಲ್ಲೋ ಓಡಾಡುವ ಕಂದು ನಾಯಿಗಳನ್ನು ತೆಗೆಯಿರಿ. ನೂರು ಮೀಟರ್ ಎಂದರೆ ಎಷ್ಟು ಎಂದು ಕಣ್ಣಿಗೆ ಗೊತ್ತಾಗಲು ಕ್ರಿಕೆಟ್ ಪಿಚ್‌ಗಳನ್ನು ಸಾಲಾಗಿ ಐದು ಸಲ ಮನಸ್ಸಿನಲ್ಲೇ ಜೋಡಿಸಿ ನೋಡಿ.

ಶಟರ್ ವೇಗ (ಬೆಳಕಿಗೆ ಕಿಂಡಿ ತೆರೆದಿರುವ ಅವಧಿ) ನಡೆಯುವ ಪ್ರಾಣಿಗೆ 1/800 ಸೆಕೆಂಡ್, ಓಡುವುದಕ್ಕೆ 1/2000. ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಹಾಯುವ ರಂಧ್ರ) ನಿಮ್ಮ ಲೆನ್ಸ್‌ಗೆ ಸಾಧ್ಯವಾದಷ್ಟು ಅಗಲವಾಗಿರಲಿ, ಸಾಮಾನ್ಯವಾಗಿ ಎಫ್ 6.3. ಐಎಸ್‌ಒ (ಸಂವೇದಕದ ಬೆಳಕಿನ ಸೂಕ್ಷ್ಮತೆ) ಆಟೊದಲ್ಲಿಟ್ಟು 6400ಕ್ಕೆ ಮಿತಿ ಹಾಕಿ. ಬೆಳಗಿನ ಮೊದಲ ಅರ್ಧ ಗಂಟೆ ಅದು ಮೇಲೇರಿಯೇ ಏರುತ್ತದೆ, ಕಾಳುಕಾಳಾಗಿ ಕಾಣುವ ಚಿತ್ರಕ್ಕೆ ಹೆದರಬೇಡಿ. ಅಲುಗಾಡಿದ ಚಿತ್ರಕ್ಕಿಂತ ಅದು ಮೇಲು.

ಎಲ್ಲರೂ ಎಡವುವುದು ಫೋಕಸ್‌ನಲ್ಲಿ. ಒಣ ಹುಲ್ಲಿನ ಬಣ್ಣವೂ ತೋಳದ ಬಣ್ಣವೂ ಒಂದೇ ಆದ್ದರಿಂದ ಕ್ಯಾಮೆರಾ ಮುಂದಿನ ಹುಲ್ಲುಕಡ್ಡಿಯನ್ನು ಹಿಡಿದು ಕೂರುತ್ತದೆ. ಪ್ರಾಣಿಯ ಕಣ್ಣು ಗುರುತಿಸುವ ಸೌಲಭ್ಯ ಹೊಸ ಕ್ಯಾಮೆರಾಗಳಲ್ಲಿದೆ, ನಾಯಿಗಳ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹುಲ್ಲಿನ ಮರೆಯಲ್ಲಿ ಅದನ್ನು ನೆಚ್ಚಬೇಡಿ. ಒಂದೇ ಚಿಕ್ಕ ಬಿಂದುವಿಗೆ ಬದಲಿಸುವ ಗುಂಡಿ ಯಾವುದು ಎಂದು ಕತ್ತಲಲ್ಲೂ ಬೆರಳಿಗೆ ಗೊತ್ತಿರಬೇಕು.

ಅಭ್ಯಾಸಕ್ಕೆಂದು ಮಲೆನಾಡಿನ ಕಾಡಂಚಿನಲ್ಲಿ ತರಗೆಲೆಯ ಮೇಲೆ ಮಲಗಬೇಡಿ. ಮಂಗನ ಕಾಯಿಲೆ ಹರಡುವ ಉಣುಗುಗಳು ಚುರುಕಾಗುವುದು ಚಳಿಗಾಲದಿಂದ ಬೇಸಿಗೆಯವರೆಗೆ. 1957ರಲ್ಲಿ ಈ ರೋಗ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಎಂಬುದನ್ನು ಶಿವಮೊಗ್ಗದವರಿಗೆ ನಾನು ಹೇಳಬೇಕಾಗಿಲ್ಲ.

6. ಕುರಿಗಾಹಿಗಳೊಂದಿಗೆ ಮಾತು

ತೋಳ ಎಲ್ಲಿದೆ ಎಂದು ಗೊತ್ತಿರುವವರು ಅವರೇ. ರಾತ್ರಿಯಿಡೀ ಹೊಲದಲ್ಲಿ ಕುರಿ ತರುಬಿಕೊಂಡು, ಕಂಬಳಿ ಹೊದ್ದು ಮಲಗುವವರಿಗೆ ಪ್ರತಿ ಸದ್ದೂ ಲೆಕ್ಕ. ಹಟ್ಟಿಯ ಹತ್ತಿರ ಗಾಡಿ ನುಗ್ಗಿಸದೆ ದೂರದಲ್ಲೇ ನಿಲ್ಲಿಸಿ, ಕೂಗಿ, ಅವರು ನಾಯಿಗಳನ್ನು ಸುಮ್ಮನಿರಿಸಿದ ಮೇಲೆ ಹೋಗಿ. ಈ ಇಡೀ ಕೆಲಸದಲ್ಲಿ ನಿಮ್ಮನ್ನು ಕಚ್ಚುವ ಸಾಧ್ಯತೆ ಇರುವುದು ಆ ನಾಯಿಗಳೇ ಹೊರತು ತೋಳವಲ್ಲ.

‘ಯಜಮಾನರೇ, ತೋಳ ಎಲ್ಲಿದೆ?’ ಎಂದು ಕೇಳಿದರೆ ‘ಇಲ್ಲಪ್ಪ, ಇಲ್ಲಿ ಯಾವುದೂ ಇಲ್ಲ’ ಎಂಬ ಉತ್ತರ ಬರುತ್ತದೆ. ನೀವು ಯಾರೆಂದು ಅವರಿಗೆ ಗೊತ್ತಿಲ್ಲವಲ್ಲ. ಈ ವರ್ಷ ಮಳೆ ಹೇಗೆ, ಮೇವು ಹೇಗೆ, ಎಲ್ಲಿಂದ ಬಂದಿರಿ ಎಂದು ಮಾತು ಶುರುವಾಗಲಿ. ಭತ್ತ ಕೊಯ್ದ ಮೇಲೆ ಭದ್ರಾ ಅಚ್ಚುಕಟ್ಟಿನ ಕಡೆಗೂ ಕುರಿಹಿಂಡುಗಳು ಬರುವುದರಿಂದ ನಿಮ್ಮ ಊರು ಅವರಿಗೆ ಗೊತ್ತಿರಲೂಬಹುದು. ಆಮೇಲೆ ಕೇಳಬೇಕಾದ ಪ್ರಶ್ನೆ: ‘ನಿನ್ನೆ ರಾತ್ರಿ ನಾಯಿಗಳು ಯಾವ ದಿಕ್ಕಿಗೆ ಬೊಗಳಿದವು?’ ಇದಕ್ಕೆ ಉತ್ತರ ಸಿಗುತ್ತದೆ. ಎಷ್ಟು ಹೊತ್ತಿಗೆ, ಯಾವ ಬದುವಿನ ಕಡೆ, ಆಮೇಲೆ ಹಳ್ಳಕ್ಕೆ ಇಳಿಯಿತೋ ಗುಡ್ಡ ಹತ್ತಿತೋ, ಎಲ್ಲವೂ ಬರುತ್ತದೆ.

ಎರಡು ಕೆಲಸ ಬೇಡ. ಮರಿ ಇರುವ ಗವಿ ತೋರಿಸಿದರೆ ದುಡ್ಡು ಕೊಡುತ್ತೇನೆ ಎನ್ನಬೇಡಿ; ಒಮ್ಮೆ ಬೆಲೆ ಕಟ್ಟಿದರೆ ಅದು ನಾಳೆ ಬೇರೆ ಯಾರಿಗೋ ಮಾರಾಟವಾಗುತ್ತದೆ. ಹಿಂದಿನ ವಾರ ಎರಡು ಕುರಿಮರಿ ಕಳೆದುಕೊಂಡು ಕುದಿಯುತ್ತಿರುವವರ ಮುಂದೆ ವನ್ಯಜೀವಿ ಸಂರಕ್ಷಣೆಯ ಭಾಷಣವನ್ನೂ ಮಾಡಬೇಡಿ. ಸುಮ್ಮನೆ ಕೇಳಿಸಿಕೊಳ್ಳಿ.

7. ಬೆಳಗಿನ ಹೊತ್ತು

ಡಿಸೆಂಬರ್ ಕೊನೆಯಲ್ಲಿ ಈ ಭಾಗದಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ. ಆರು ಗಂಟೆಗೆ ನೀವು ಜಾಗದಲ್ಲಿದ್ದು, ಎಂಜಿನ್ ಆರಿಸಿ, ಕಿಟಕಿ ಇಳಿಸಿ ಕುಳಿತಿರಬೇಕು. ರಾತ್ರಿಯ ಸುತ್ತಾಟ ಮುಗಿಸಿದ ತೋಳ ಬೆಳಕು ಹರಿದ ಮೇಲೆ ಒಂದೆರಡು ಗಂಟೆಯೊಳಗೆ ಮರೆ ಸೇರುತ್ತದೆ. ಸಂಜೆ ನಾಲ್ಕೂವರೆಯಿಂದ ಇನ್ನೊಂದು ಅವಕಾಶ.

ಎಲ್ಲಿ ನಿಲ್ಲಬೇಕು? ತೋಳ ನಮ್ಮಂತೆಯೇ ಬಂಡಿದಾರಿಯಲ್ಲಿ ನಡೆಯಲು ಇಷ್ಟಪಡುತ್ತದೆ. ಎರಡು ಬಂಡಿದಾರಿ ಕೂಡುವಲ್ಲಿ ಕೂದಲು ತುಂಬಿದ ಹಿಕ್ಕೆ ಕಂಡರೆ ಅದು ಅವುಗಳ ಓಡಾಟದ ಜಾಗ. ಒಣಗಿ ಬೆಳ್ಳಗಾಗಿದ್ದರೆ ಹಳೆಯದು, ಕಪ್ಪಗೆ ಒದ್ದೆಯಾಗಿದ್ದರೆ ಈಚಿನದು. ಅಲ್ಲಿಂದ ನೂರೈವತ್ತು ಮೀಟರ್ ದೂರದಲ್ಲಿ, ದಾರಿಗೆ ಅಡ್ಡವಾಗದಂತೆ ಗಾಡಿ ನಿಲ್ಲಿಸಿ.

ಇಲ್ಲಿ ಒಂದು ತೊಡಕಿದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಬೆಳಕು ಬೆನ್ನ ಹಿಂದಿರಬೇಕು ಎಂದು ಎಲ್ಲರೂ ಕಲಿತಿರುತ್ತಾರೆ, ಹಾಗಾಗಿ ಬೆಳಗ್ಗೆ ಪೂರ್ವಕ್ಕೆ ಬೆನ್ನು ಹಾಕಿ ಕೂರುತ್ತಾರೆ. ಆದರೆ ಚಳಿಗಾಲದಲ್ಲಿ ಬಯಲುಸೀಮೆಯಲ್ಲಿ ಬೀಸುವುದು ಹೆಚ್ಚಾಗಿ ಮೂಡಗಾಳಿ. ನಿಮ್ಮ ಮೈವಾಸನೆ, ಪೆಟ್ರೋಲ್ ವಾಸನೆ, ಫ್ಲಾಸ್ಕಿನ ಕಾಫಿಯ ವಾಸನೆ ಎಲ್ಲವೂ ನೇರವಾಗಿ ಎದುರಿನ ಬಯಲಿಗೆ ಹೋಗುತ್ತದೆ. ತೋಳ ಕಾಣಿಸಿಕೊಳ್ಳುವ ಮೊದಲೇ ದಾರಿ ಬದಲಿಸಿರುತ್ತದೆ, ನೀವು ‘ಇವತ್ತು ಇರಲಿಲ್ಲ’ ಎಂದು ವಾಪಸು ಬರುತ್ತೀರಿ. ಚಿಟಿಕೆ ಧೂಳು ಬಿಟ್ಟು ಗಾಳಿ ನೋಡಿ. ಮೂಡಗಾಳಿ ಇದ್ದರೆ ತೋಳ ಬರುವ ದಾರಿಯ ಉತ್ತರಕ್ಕೋ ದಕ್ಷಿಣಕ್ಕೋ ನಿಂತು ಪಕ್ಕದ ಬೆಳಕಿನಲ್ಲಿ ತೆಗೆಯಿರಿ. ಮೈಯ ಕೂದಲು, ಬೆನ್ನಿನ ಕಪ್ಪು ಗೆರೆ ಪಕ್ಕದ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಧೈರ್ಯವಿದ್ದರೆ ಪಶ್ಚಿಮಕ್ಕೇ ಹೋಗಿ ಎದುರು ಬಿಸಿಲಿಗೆ ಹಿಡಿಯಿರಿ, ಎಕ್ಸ್‌ಪೋಷರ್ (ಚಿತ್ರದ ಒಟ್ಟು ಬೆಳಕು) ಮುಕ್ಕಾಲು ಹಂತ ಏರಿಸಿ. ಮೈಸುತ್ತ ಬೆಳ್ಳಿ ಅಂಚು ಬರುತ್ತದೆ. ಬೂಷ್ಟು ಹಿಡಿದ ಲೆನ್ಸ್ ಕೈಕೊಡುವುದೂ ಇಲ್ಲೇ.

ಕುಳಿತ ಮೇಲೆ ತೋಳಕ್ಕಾಗಿ ಬಯಲೆಲ್ಲ ಕಣ್ಣಾಡಿಸುವುದಕ್ಕಿಂತ ಉಳಿದ ಪ್ರಾಣಿಗಳನ್ನು ನೋಡುವುದು ಲೇಸು. ಮೇಯುತ್ತಿದ್ದ ಕೃಷ್ಣಮೃಗಗಳೆಲ್ಲ ತಲೆಯೆತ್ತಿ ಒಂದೇ ದಿಕ್ಕಿಗೆ ನೋಡಿದರೆ, ಟಿಟ್ಟಿಭ ಎದ್ದು ಕಿರುಚಿದರೆ, ಅತ್ತ ಲೆನ್ಸ್ ತಿರುಗಿಸಿ ಕಾಯಿರಿ.

ಬಂದಾಗ ಏನು ಮಾಡಬೇಕು? ಗಾಡಿಯಿಂದ ಇಳಿಯಬೇಡಿ, ಬಾಗಿಲು ತೆರೆಯಬೇಡಿ, ಹಿಂಬಾಲಿಸಬೇಡಿ. ಬಗ್ಗಿ, ತೆವಳಿ ಹತ್ತಿರ ಹೋಗುವುದು ಇನ್ನೂ ಕೆಟ್ಟದ್ದು. ದಿನವೂ ನೆಟ್ಟಗೆ ನಡೆದುಹೋಗುವ ಕುರಿಗಾಹಿಗಳನ್ನು ಕಂಡು ಅದಕ್ಕೆ ರೂಢಿಯಿದೆ. ಹೊಂಚು ಹಾಕುವ ಮನುಷ್ಯನನ್ನು ಮಾತ್ರ ಅದು ನಂಬುವುದಿಲ್ಲ. ತೋಳ ನಿಂತು ನಿಮ್ಮತ್ತ ನೋಡಿದರೆ ಎರಡು ಮೂರು ಚಿತ್ರ ತೆಗೆದು ಕೈ ನಿಲ್ಲಿಸಿ. ಅದು ಮತ್ತೆ ನಡೆಯಲು ಶುರು ಮಾಡಿದ ಮೇಲೆ ಮುಂದುವರಿಸಿ. ಒಂದೇ ಸಮನೆ ಹತ್ತಾರು ಚಿತ್ರ ಹೊಡೆಯುವ ಬರ್ಸ್ಟ್ ಸದ್ದು ಆ ಮೌನದಲ್ಲಿ ದೂರದವರೆಗೂ ಕೇಳಿಸುತ್ತದೆ, ಸದ್ದಿಲ್ಲದ ಶಟರ್ ಇದ್ದರೆ ಅದನ್ನೇ ಬಳಸಿ. ಊಳಿಡುವ ಧ್ವನಿಮುದ್ರಣ ಹಾಕಿ ಕರೆಯುವ ಚಟ ಕೆಲವರಿಗಿದೆ. ಮರಿ ಸಾಕುವ ಕಾಲದಲ್ಲಿ ಅದು ಪರಗುಂಪು ನುಗ್ಗಿದ ಸೂಚನೆ, ಮನರಂಜನೆಯಲ್ಲ.

ಚಿತ್ರಗಳೆಲ್ಲ ಮಸುಕು, ಲೆನ್ಸ್ ಕೆಟ್ಟಿದೆಯೇ ಎಂದು ಕೇಳುವವರು ಬಹಳ. ಲೆನ್ಸ್ ಸರಿಯಾಗಿಯೇ ಇರುತ್ತದೆ, ಗಾಳಿ ಕುದಿಯುತ್ತಿರುತ್ತದೆ. ಬೇಸಿಗೆಯ ಡಾಂಬರು ರಸ್ತೆಯ ಮೇಲೆ ಕಾಣುವ ಬಿಸಿಲ್ಗುದುರೆಯ ಸಣ್ಣ ರೂಪ ಚಳಿಗಾಲದ ಬಯಲಿನಲ್ಲೂ ಒಂಬತ್ತೂವರೆಯ ಹೊತ್ತಿಗೆ ಶುರುವಾಗುತ್ತದೆ. ಬರಿಗಣ್ಣಿಗೆ ಕಾಣದಿದ್ದರೂ ಉದ್ದದ ಲೆನ್ಸ್ ಅದನ್ನು ಹಿಡಿಯುತ್ತದೆ. ಅದಕ್ಕಿಂತ ಮೊದಲೇ ಮಸುಕಾಗುತ್ತಿದ್ದರೆ ಕಾರಣ ನಿಮ್ಮ ಕಾರು. ಚಳಿಯೆಂದು ಹೀಟರ್ ಹಾಕಿದ್ದರೆ ಕಿಟಕಿಯ ಬಳಿ ಒಳಗಿನ ಬೆಚ್ಚನೆ ಗಾಳಿ ಹೊರಗಿನ ತಣ್ಣನೆ ಗಾಳಿಗೆ ಬೆರೆಯುತ್ತ ಚಿತ್ರವನ್ನು ಕಲಕುತ್ತದೆ. ಹೀಟರ್ ಆರಿಸಿ, ಎಲ್ಲ ಕಿಟಕಿಗಳನ್ನೂ ಇಳಿಸಿ, ಸ್ವೆಟರ್ ಹಾಕಿಕೊಳ್ಳಿ. ಬಿಸಿಯಾದ ಬಾನೆಟ್ ಮೇಲಿಂದ ಹಾದುಹೋಗುವಂತೆ ಎಂದೂ ತೆಗೆಯಬೇಡಿ.

ಮೂತ್ರಕ್ಕೆಂದು ಇಳಿದಾಗ ಕಲ್ಲು, ಹುಲ್ಲಿನ ಗಂಟು ನೋಡಿ ಕಾಲಿಡಿ. ಕೊಳಕುಮಂಡಲ ಚಳಿಗಾಲದ ಬೆಳಗ್ಗೆ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿರುತ್ತದೆ.

8. ಗವಿ ಕಂಡರೆ

ತೋಳ ಮರಿ ಹಾಕುವುದು ಹಳ್ಳದ ದಂಡೆಯ ಕೊರಕಲಿನಲ್ಲಿ, ಬಂಡೆಗಳ ಸಂದಿಯಲ್ಲಿ, ಮುಳ್ಳುಹಂದಿ ತೋಡಿದ ಬಿಲವನ್ನು ಅಗಲಿಸಿಕೊಂಡು. ಹುಡುಕಿ ಹೋಗಬೇಡಿ. ಅಕಸ್ಮಾತ್ ಹತ್ತಿರ ಬಂದಿದ್ದೀರಿ ಎಂದು ತಿಳಿಯುವುದು ಹೇಗೆ? ದೊಡ್ಡ ತೋಳವೊಂದು ಓಡಿಹೋಗದೆ, ದೂರದಲ್ಲಿ ಅತ್ತಿಂದಿತ್ತ ಸುಳಿಯುತ್ತ, ನಾಯಿಯಂತೆ ಬೊಗಳಿ ನಡುವೆ ಊಳಿಡುತ್ತಿದ್ದರೆ ನೀವು ಮರಿಗಳ ಬಳಿ ಇದ್ದೀರಿ. ಬಂದ ದಾರಿಯಲ್ಲೇ ಕೂಡಲೇ ಹೊರಡಿ. ‘ಒಂದೇ ಒಂದು ಫೋಟೊ’ ಎಂದು ನಿಲ್ಲಬೇಡಿ.

ಕಾರಣ ಇಷ್ಟು: ಜನ ಬಂದದ್ದು ಗೊತ್ತಾದರೆ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ಒಂದನ್ನು ಒಯ್ಯುವಾಗ ಉಳಿದವು ನಾಯಿಗಳ ಬಾಯಿಗೆ ಬಿಟ್ಟಂತೆ. ಜೊತೆಗೆ ನೀವು ನಿಂತ ಜಾಗವನ್ನು ಊರಿನವರು ನೋಡಿರುತ್ತಾರೆ. ಗವಿಯ ಬಾಯಿಗೆ ಕಲ್ಲು ಮುಚ್ಚುವುದು, ಹೊಗೆ ಹಾಕುವುದು ಈಗಲೂ ನಡೆಯುತ್ತದೆ. ಊರಿನ ಹೆಸರು ಬರೆಯುವುದಿಲ್ಲ ಎಂದೆನಲ್ಲ, ಅದು ಇದಕ್ಕೇ.

9. ಮನೆಗೆ ಬಂದ ಮೇಲೆ

ಚಿತ್ರ ಹಂಚುವ ಮುನ್ನ ಅದರೊಳಗೆ ಅಡಗಿರುವ ಸ್ಥಳದ ಮಾಹಿತಿ ಅಳಿಸಿ. ಮೊಬೈಲ್‌ನಲ್ಲಿ ತೆಗೆದ ಚಿತ್ರದಲ್ಲಿ ಅಕ್ಷಾಂಶ, ರೇಖಾಂಶ ತಾನಾಗಿಯೇ ಸೇರಿರುತ್ತದೆ. ಹೊಸ ಕ್ಯಾಮೆರಾಗಳನ್ನು ಮೊಬೈಲ್‌ಗೆ ಜೋಡಿಸಿದ್ದರೆ ಅವುಗಳಲ್ಲೂ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳುಹಿಸಿದರೆ ಅದು ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿಯುತ್ತದೆ. ಶೀರ್ಷಿಕೆಯಲ್ಲಿ ಜಿಲ್ಲೆಯ ಹೆಸರು ಸಾಕು. ಹಿನ್ನೆಲೆಯಲ್ಲಿ ಗುರುತಾಗುವ ಗುಡಿ, ಗಾಳಿಯಂತ್ರ, ಮೊಬೈಲ್ ಗೋಪುರ ಇದ್ದರೆ ಆ ಚಿತ್ರವನ್ನು ಎರಡು ಮೂರು ತಿಂಗಳು ತಡೆದು, ಮರಿಗಳು ಗವಿ ಬಿಟ್ಟ ಮೇಲೆ ಹಾಕಿ.

ಎರೆಮಣ್ಣಿನ ಧೂಳು ಲೆನ್ಸ್ ಮೇಲೆ ಕುಳಿತಿರುತ್ತದೆ, ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ, ನಂತರ ಮೃದುವಾದ ಬ್ರಷ್, ಕೊನೆಗೆ ಬೇಕಿದ್ದರೆ ಮಾತ್ರ ಬಟ್ಟೆ. ಜೂಮ್ ಉಂಗುರದ ಸಂದಿಯಲ್ಲೂ ಊದಿ. ಭತ್ತದ ಚೀಲವನ್ನು ಒಂದು ದಿನ ಬಿಸಿಲಿಗೆ ಹಾಕಿ ಎತ್ತಿಡಿ, ಇಲ್ಲದಿದ್ದರೆ ಮುಂದಿನ ಸಲಕ್ಕೆ ಅದರಲ್ಲಿ ಹುಳು ಬಿದ್ದಿರುತ್ತದೆ.